ಬಿಸಿಲಲ್ಲೂ ಹರಿಯುವ ಮಳೆನೀರಿನ ಚರಂಡಿ

ಮಳೆ ನಿಂತು ವಾರ ಕಳೆದರೂ ಕೆರೆಗೆ ಬರುವ ಮಳೆನೀರಿನ ಚರಂಡಿ ಹರಿಯುತ್ತಲೇ ಇದ್ದರೆ, ಅದರಲ್ಲಿ ಮನೆಗಳ ಕೊಳಚೆ ಸೇರಿದೆ ಎಂದೇ ಮೊದಲು ಅನುಮಾನಿಸಬೇಕು. ಮೈಸೂರಿನ ಕುಕ್ಕರಹಳ್ಳಿ ಕೆರೆಗಾಗಿ ವಾಯುವಿಹಾರಿಗಳು, ಪಕ್ಷಿಪ್ರಿಯರು, ಪರಿಸರಾಸಕ್ತರು ವರ್ಷಗಳಿಂದ ದನಿ ಎತ್ತುತ್ತಿರುವುದು ಇದರ ವಿರುದ್ಧವೇ.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಈ ಕೆರೆ ಇಂದು ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಪೂರ್ಣಯ್ಯ ನಾಲೆ ತರುತ್ತಿದ್ದ ಮಳೆನೀರೇ ಅದರ ಜೀವಾಳ. ನಗರ ಬೆಳೆದಂತೆ ನಾಲೆ ಒತ್ತುವರಿಯಾಯಿತು. ಪಡುವಾರಹಳ್ಳಿ ಕಡೆಯಿಂದ ಕೊಳಚೆ ಹರಿದು ಬರತೊಡಗಿತು.

ತಪ್ಪುವುದು ಎಲ್ಲಿ?

ಒಳಚರಂಡಿಯ ನೀರು ಕೆಸರೆ, ವಿದ್ಯಾರಣ್ಯಪುರಂನಂಥ ಶುದ್ಧೀಕರಣ ಘಟಕಗಳಿಗೆ ಹೋಗಬೇಕು. ಮಳೆನೀರಿನ ಚರಂಡಿ ಮಾತ್ರ ಯಾವ ಶುದ್ಧೀಕರಣವೂ ಇಲ್ಲದೆ ನೇರ ಕೆರೆಗೆ ಇಳಿಯುತ್ತದೆ. ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕಿದರೆ, ಯಾರೋ ಶೌಚದ ಪೈಪನ್ನು ಚರಂಡಿಗೆ ಬಿಟ್ಟರೆ, ಎರಡೂ ಒಂದಾಗುತ್ತವೆ.

ಕೊಳಚೆಯ ಸಾರಜನಕ, ರಂಜಕ ಉಂಡು ಪಾಚಿ ಕೊಬ್ಬುತ್ತದೆ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಹೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಅದಕ್ಕೇ. ನೀರು ಎಷ್ಟು ಕೆಟ್ಟಿದೆಯೆಂದು ಅಳೆಯಲು ಮಾನದಂಡವಿದೆ: ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಬಿಒಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ಮೀರಬಾರದು. 100 ಮಿಲಿಲೀಟರಿನಲ್ಲಿ ಮಲಜನ್ಯ ಕೋಲಿಫಾರ್ಮ್ 500ರೊಳಗಿದ್ದರೆ ಒಳ್ಳೆಯದು, 2,500 ದಾಟಲೇಬಾರದು.

ಚರಂಡಿಯ ಬಾಯಿ ಮುಚ್ಚಿದರೆ ಸಾಲದು

ಚರಂಡಿಯನ್ನೇ ಬೇರೆಡೆ ತಿರುಗಿಸಿದರೆ ಕೊಳಚೆಯೊಂದಿಗೆ ಮಳೆನೀರೂ ತಪ್ಪಿ, ಕೆರೆ ಬತ್ತುತ್ತದೆ. ಬಿಡಿಸಬೇಕಾದದ್ದು ಮೇಲಿನ ಬೀದಿಗಳಲ್ಲಿ ಬೆಸೆದುಕೊಂಡ ಪೈಪುಗಳನ್ನು.

ಹಾಗಾಗಿ ಮಳೆಯಿಲ್ಲದ ದಿನ, ಮನೆಗಳಲ್ಲಿ ನೀರಿನ ಬಳಕೆ ಜೋರಾಗಿರುವ ಬೆಳಗಿನ ಹೊತ್ತು, ಕೆರೆಯಿಂದ ಚರಂಡಿಯ ದಡ ಹಿಡಿದು ಮೇಲಕ್ಕೆ ನಡೆಯಿರಿ. ಒಳಗೆ ಇಳಿಯಬೇಡಿ. ಬೂದುಬಣ್ಣದ ನೀರು, ಸೋಪಿನ ನೊರೆ, ದುರ್ವಾಸನೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಫೋಟೊ ತೆಗೆದು ದಿನಾಂಕ, ಅಡ್ಡರಸ್ತೆ ಬರೆದುಕೊಳ್ಳಿ. ಪಾಲಿಕೆಗೆ ಲಿಖಿತ ದೂರು ಕೊಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಗೂ ಪ್ರತಿ ಕಳಿಸಿ. 1974ರ ಜಲ ಕಾಯ್ದೆಯ 24ನೇ ಕಲಮು ಕೆರೆಗೆ ಮಲಿನ ವಸ್ತು ಬಿಡುವುದನ್ನು ನಿಷೇಧಿಸಿದೆ. ನೀರಿನ ಪರೀಕ್ಷಾ ವರದಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು.

"ಕೆರೆ ಉಳಿಸಿ" ಎಂಬ ಮನವಿಗೆ ಭರವಸೆ ಕೊಟ್ಟು ಕಳಿಸುವುದು ಸುಲಭ. "ಈ ಅಡ್ಡರಸ್ತೆಯ ಈ ಪೈಪನ್ನು ಒಳಚರಂಡಿಗೆ ಜೋಡಿಸಿ" ಎಂದು ಕೇಳಿದರೆ, ಅಧಿಕಾರಿ ಜೋಡಿಸಬೇಕು, ಇಲ್ಲವೇ ಕಾರಣ ಹೇಳಬೇಕು.