57 ಕೆ.ಜಿ. ಡಿಫೆಂಡರ್‌ನನ್ನು ಎಲ್ಲಿ ನಿಲ್ಲಿಸಬೇಕು?

ನನ್ನ ಎತ್ತರ 5 ಅಡಿ 4 ಇಂಚು, ತೂಕ 57 ಕೆ.ಜಿ. ಆಡುವುದು ಕಬಡ್ಡಿ, ಅದೂ ಡಿಫೆನ್ಸ್‌ನಲ್ಲಿ. ಇಷ್ಟು ಹೇಳಿದರೆ ಸಾಕು, ಎದುರಿಗಿದ್ದವರು ಮೇಲಿಂದ ಕೆಳಗೊಮ್ಮೆ ನೋಡಿ, 'ರೈಡರ್ ಅಂದ್ರ ನಂಬ್ತಿದ್ದೆ' ಎನ್ನುತ್ತಾರೆ. ರೈಡರ್ ಆಗುವ ಆಸೆ ನನಗೂ ಇತ್ತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದಾಗ, ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದಿದ್ದ. ಮರುದಿನ ವಾಡಿಯ ನಮ್ಮ ಓಣಿಯಲ್ಲಿ ಎಲ್ಲರೂ ಪವನ್. ಹಿಡಿಯಲು ಯಾರೂ ಇಲ್ಲ! ಎಲ್ಲರಿಗಿಂತ ಚಿಕ್ಕವನಾದ ನನ್ನ ಪಾಲಿಗೆ ಹಿಡಿಯುವ ಕೆಲಸ ಬಂತು, ಹಾಗೇ ಉಳಿಯಿತು.

ಹೈಸ್ಕೂಲಿನಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ಸಬ್ ಜೂನಿಯರ್ ಹುಡುಗರಿಗೆ 55 ಕೆ.ಜಿ. ಮಿತಿ ಇದೆ, ಎದುರಿಗೆ ಬರುವವನೂ ನನ್ನಷ್ಟೇ ಇರುತ್ತಿದ್ದ. ಸೀನಿಯರ್ ಪುರುಷರಿಗೆ ಮಿತಿ 85 ಕೆ.ಜಿ. ಬಿಇ ಸೇರಿ ಕಲಬುರಗಿಗೆ ರೈಲಿನಲ್ಲಿ ಓಡಾಡತೊಡಗಿದ ಮೇಲೆ ಗೊತ್ತಾಯಿತು, ಆಟ ಅದೇ ಇದೆ, ಬರುವವರು ಮಾತ್ರ ಬೇರೆ ಅಂತ. ನನ್ನ ತೂಕ 57ಕ್ಕೆ ನಿಂತಿತ್ತು, ಅವರದ್ದು ನಿಂತಿರಲಿಲ್ಲ.

ಮೊದಲ ವರ್ಷ ಚಿತ್ತಾಪುರ ಕಡೆಯ ಒಂದು ಜಾತ್ರೆ ಟೂರ್ನಿಗೆ ಹೋಗಿದ್ದೆವು. ನಮ್ಮ ಕವರ್ ಆಟಗಾರ ಬಂದಿರಲಿಲ್ಲ. ತಂಡ ನೋಡಿಕೊಳ್ಳುತ್ತಿದ್ದವರು 'ನೀನೇ ನಿಲ್ಲು' ಎಂದರು, ನಿಂತೆ. ಸುಮಾರು 78 ಕೆ.ಜಿ.ಯ ರೈಡರ್ ಒಬ್ಬ ನಮ್ಮ ಇಬ್ಬರನ್ನು ಮುಟ್ಟಿ ವಾಪಸ್ ಓಡುತ್ತಿದ್ದ. ಅವನ ದಾರಿಗೆ ಅಡ್ಡ ಬಂದು ಎದೆಗೊಟ್ಟು ಬ್ಲಾಕ್ ಮಾಡಿದೆ. ನಾನು ಅವನನ್ನು ಹಿಡಿದೆನೋ, ಅವನು ನನ್ನನ್ನು ಹೊತ್ತುಕೊಂಡು ಹೋದನೋ, ಮಧ್ಯದ ಗೆರೆಯ ಆಚೆ ಬಿದ್ದಾಗ ಎಡ ಭುಜ ಮೇಲೆತ್ತಲು ಆಗುತ್ತಿರಲಿಲ್ಲ. ಆರು ವಾರ ಕೈ ಜೋಳಿಗೆಯಲ್ಲಿ. ಆ ಒಂದೇ ರೈಡ್‌ನಲ್ಲಿ ಮೂರು ಪಾಯಿಂಟ್ ಹೋಯಿತು, ಪಂದ್ಯವೂ ಹೋಯಿತು. ತಂಡದಿಂದ ನನ್ನ ಹೆಸರೂ ಹೋಯಿತು.

ಮಲಗಿದ್ದಾಗ ಮೆಕ್ಯಾನಿಕ್ಸ್ ನೋಟ್ಸ್ ತೆಗೆದು ಲೆಕ್ಕ ಹಾಕಿದೆ. 78 ಕೆ.ಜಿ.ಯವನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬರುತ್ತಾನೆ ಎಂದುಕೊಳ್ಳಿ. ಅವನ ಸಂವೇಗ 390. ನಿಂತಿರುವ ನಾನು 57. ಇಬ್ಬರೂ ಅಂಟಿಕೊಂಡರೆ ಒಟ್ಟು 135 ಕೆ.ಜಿ., ವೇಗ ಸೆಕೆಂಡಿಗೆ ಸುಮಾರು 2.9 ಮೀಟರ್. ಬಾಕ್ ಲೈನ್‌ನಿಂದ ಮಧ್ಯದ ಗೆರೆಗೆ 3.75 ಮೀಟರ್. ಅಂದರೆ ಒಂದೂಕಾಲು ಸೆಕೆಂಡಿನಲ್ಲಿ ಅವನು ಮನೆ ಸೇರುತ್ತಾನೆ, ಕೈ ಚಾಚಿದರೆ ಇನ್ನೂ ಬೇಗ. ಕಾಲಿನ ಒತ್ತು, ನೆಲದ ಘರ್ಷಣೆ ಎಲ್ಲ ಬಿಟ್ಟು ಹಾಕಿದ ಒರಟು ಲೆಕ್ಕ ಇದು. ಆದರೂ ಭುಜದ ನೋವಿಗೆ ಸರಿಯಾಗಿ ಹೊಂದುತ್ತಿತ್ತು.

ಲೆಕ್ಕದಿಂದ ನಾನು ತೆಗೆದ ಉತ್ತರ ಮಾತ್ರ ತಪ್ಪು. 57 ಅನ್ನು 67 ಮಾಡಿದರೆ ಆಯಿತು ಎಂದುಕೊಂಡೆ. ಪುಸ್ತಕಕ್ಕೆಂದು ಅವ್ವ ಕೊಟ್ಟಿದ್ದ ದುಡ್ಡಿನಲ್ಲಿ 2,600 ರೂಪಾಯಿ ಕೊಟ್ಟು ಪ್ರೋಟೀನ್ ಪುಡಿಯ ಡಬ್ಬಿ ತಂದೆ. ದಿನಾ ಆರು ಬಾಳೆಹಣ್ಣು, ನೆನೆಸಿದ ಶೇಂಗಾ, ಮೆಸ್ಸಿನಲ್ಲಿ ಎರಡು ರೊಟ್ಟಿ ಹೆಚ್ಚು. ಮೂರು ತಿಂಗಳಿಗೆ ನಾಲ್ಕು ಕಿಲೋ ಏರಿತು, ಎಲ್ಲವೂ ಹೊಟ್ಟೆಗೆ. ಮುಂಚೆ ಎಟುಕುತ್ತಿದ್ದ ಕಾಲು ಈಗ ಅರ್ಧ ಅಡಿ ದೂರದಲ್ಲೇ ತಪ್ಪಿಸಿಕೊಳ್ಳುತ್ತಿತ್ತು. ಎರಡು ಪೇಪರ್ ಬೇರೆ ಉಳಿದವು. ಅವ್ವನಿಗೆ ಡಬ್ಬಿಯ ಬೆಲೆ ನಾನು ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ.

ಸರಿಯಾದ ಉತ್ತರ ಸಿಕ್ಕಿದ್ದು ಶಹಾಬಾದಿನಲ್ಲಿ. ವಾಡಿ-ಕಲಬುರಗಿ ರೈಲು ಅಲ್ಲಿ ನಿಲ್ಲುತ್ತದೆ. ಸಂಜೆ ಇಳಿದರೆ ಕಲ್ಲು ಪಾಲಿಶ್ ಕೆಲಸ ಮುಗಿಸಿ ಬಂದ ಹುಡುಗರು ಮಣ್ಣಿನಲ್ಲಿ ಆಡುತ್ತಿರುತ್ತಾರೆ. ಅವರಲ್ಲಿ ಒಬ್ಬ ಅಣ್ಣ, ಮೂವತ್ತು ದಾಟಿದವನು, ನನಗಿಂತ ಒಂದೆರಡು ಕಿಲೋ ಹೆಚ್ಚಿರಬಹುದು ಅಷ್ಟೆ. ಎಡ ಕಾರ್ನರ್‌ನಲ್ಲಿ ನಿಂತು ಎತ್ತಿನಂಥವರನ್ನು ಬೀಳಿಸುತ್ತಿದ್ದ. ನನ್ನ ಕಥೆ ಕೇಳಿ ನಕ್ಕ. 'ಏ ತಮ್ಮ, ನೀ ಅವನ್ನ ನಿಲ್ಲಸ್ಲಿಕ್ಕ ಯಾಕ ಹೋದಿ? ಕಾಲ್ ಒಂದು ಹಿಡ್ಕೊ. ಮಿಕ್ಕಿದ್ದು ಬಾಜೂದವ್ರು ನೋಡ್ಕೋತಾರ.'

ನನಗೆ ಕಬಡ್ಡಿಯಲ್ಲಿ ಅರ್ಥವಾದದ್ದು ಇಷ್ಟೇ ಎಂದರೂ ನಡೆಯುತ್ತದೆ. ಚಿಕ್ಕವನ ಕೆಲಸ ಹಿಡಿತ ಶುರು ಮಾಡುವುದು, ಮುಗಿಸುವುದಲ್ಲ. ಹಾಗಾಗಿ ಅವನ ಜಾಗ ಕವರ್ ಅಲ್ಲ, ಕಾರ್ನರ್. ಕವರ್‌ನವನು ಓಡುವ ದೇಹಕ್ಕೆ ಅಡ್ಡ ನಿಲ್ಲಬೇಕು, ಇಲ್ಲವೇ ಡ್ಯಾಶ್ ಹೊಡೆದು ಹೊರಗೆ ತಳ್ಳಬೇಕು. ಅಲ್ಲಿ ತೂಕಕ್ಕೆ ತೂಕವೇ ಬೇಕು. ಕಾರ್ನರ್‌ಗೆ ಬರುವ ರೈಡರ್ ಹಾಗಲ್ಲ. ಬೋನಸ್‌ಗಾಗಿ ಒಂದು ಕಾಲನ್ನು ಗೆರೆಯಾಚೆ ಇಟ್ಟು ಇನ್ನೊಂದನ್ನು ಗಾಳಿಯಲ್ಲಿ ಎತ್ತಿರುತ್ತಾನೆ. ಆ ಕ್ಷಣ 78 ಕೆ.ಜಿ.ಯೂ ಒಂದೇ ಪಾದದ ಮೇಲೆ, ಮಧ್ಯದ ಗೆರೆಯಿಂದ 4.75 ಮೀಟರ್ ದೂರದಲ್ಲಿ. ಅವನ ಗುರುತ್ವ ಕೇಂದ್ರ ಸೊಂಟದ ಹತ್ತಿರ, ನನ್ನ ಕೈ ಇರುವುದು ಹಿಮ್ಮಡಿಯ ಹತ್ತಿರ. ಪಾದ ನಿಂತು ಮೈ ಮುಂದೆ ಹೋದರೆ ಅವನ ಭಾರವೇ ಅವನನ್ನು ಬೀಳಿಸುತ್ತದೆ. ಕುಳ್ಳಗಿದ್ದವನು ಅಷ್ಟು ಕೆಳಗೆ ಬೇಗ ತಲುಪುತ್ತಾನೆ, ಆರಡಿಯವನು ಮಡಚಿಕೊಂಡು ಬರಬೇಕು.

ಆದರೆ ಬರೀ ಬಗ್ಗಿ ಹಿಡಿದರೆ ಮೂತಿಗೆ ಒದೆ ಗ್ಯಾರಂಟಿ. ಅಣ್ಣ ಎರಡು ತಿಂಗಳು ಕಲಿಸಿದ್ದು ತಲೆ ಎಲ್ಲಿಡಬೇಕು ಎಂಬುದನ್ನೇ. ತಲೆ ಅವನ ಕಾಲಿನ ಹೊರಬದಿಗೆ, ಗದ್ದ ಎದೆಗೆ ಅಂಟಿರಬೇಕು, ಭುಜ ಅವನ ಮೊಣಕಾಲಿನ ಕೆಳಗೆ ತಾಗಬೇಕು. ಎರಡೂ ಕೈ ಬೀಗ ಹಾಕಿದಂತೆ ಕೂಡಿಸಿ ಪಾದವನ್ನು ಎದೆಗೆ ಎಳೆದುಕೊಳ್ಳಬೇಕು. ನಮ್ಮ ಎರೆಮಣ್ಣಿನಲ್ಲಿ ಬರಿಗಾಲು ಬೆವರಿ ಜಾರುತ್ತದೆ, ಅಂಗೈಗೆ ಮಣ್ಣು ಉಜ್ಜಿಕೊಳ್ಳಬೇಕು. ಮ್ಯಾಟ್ ಮೇಲೆ ಶೂ ಇರುವುದರಿಂದ ಹಿಡಿತ ಸಿಗುತ್ತದೆ, ಆದರೆ ಅಲ್ಲಿ ರೈಡರ್ ತಿರುಗುವುದೂ ಚುರುಕು. ಇನ್ನೊಂದು ಮಾತು, 30 ಸೆಕೆಂಡಿನ ರೈಡ್‌ನಲ್ಲಿ ಮೊದಲ ಹತ್ತು ಸೆಕೆಂಡು ನನ್ನಂಥವನು ಕೈ ಹಾಕಲೇಬಾರದು. ಆಗ ರೈಡರ್‌ನ ಕಣ್ಣೆಲ್ಲ ಕಾರ್ನರ್ ಮೇಲೇ ಇರುತ್ತದೆ.

ಹಾಸ್ಟೆಲ್‌ನ ಗೆಳೆಯನೊಬ್ಬನಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು. ಅಲ್ಲೂ ಇದೇ ತಲೆನೋವು ಇದೆಯಂತೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಬೀಳಿಸಲು ನುಗ್ಗುವವನ ಎದುರು ದೈತ್ಯರು ಗೋಡೆಯಂತೆ ನಿಂತಿರುತ್ತಾರೆ. ಡೆನ್ವರ್ ಬ್ರಾಂಕೋಸ್ ತಂಡದ ಎಲ್ವಿಸ್ ಡೂಮರ್ವಿಲ್ 5 ಅಡಿ 11 ಇಂಚು. ನಮಗೆ ಎತ್ತರ, ಆ ಜಾಗಕ್ಕೆ ಗಿಡ್ಡ. 2006ರಲ್ಲಿ ನಾಲ್ಕನೇ ಸುತ್ತಿನವರೆಗೆ ಅವನನ್ನು ಯಾರೂ ಆರಿಸಲಿಲ್ಲ. 2009ರಲ್ಲಿ ಡೆನ್ವರ್ ತನ್ನ ರಕ್ಷಣೆಯ ವಿನ್ಯಾಸ ಬದಲಿಸಿ ಅವನನ್ನು ಸಾಲಿನ ತೀರಾ ಹೊರ ಅಂಚಿನಿಂದ ನುಗ್ಗಲು ಬಿಟ್ಟಿತು. ಆ ವರ್ಷ 17 ಸಲ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿ ಇಡೀ ಲೀಗ್‌ಗೆ ಮೊದಲಿಗನಾದ. ದೊಡ್ಡವರ ತೋಳಿನ ಕೆಳಗಿಂದ ನುಸುಳುವವನಿಗೆ ಅಂಚು ಸಿಕ್ಕಿತ್ತು. ವಿಡಿಯೊ ನೋಡುವಾಗ ನನಗೆ ನಮ್ಮ ಶಹಾಬಾದ್ ಅಣ್ಣನೇ ಹೆಲ್ಮೆಟ್ ಹಾಕಿಕೊಂಡು ಓಡಿದಂತೆ ಕಂಡಿತು.

ಇದರಲ್ಲಿ ತೊಂದರೆ ಇಲ್ಲ ಎಂದಲ್ಲ. ಚಿಕ್ಕ ಕಾರ್ನರ್ ಇದ್ದಾನೆಂದು ಗೊತ್ತಾದರೆ ಎದುರಾಳಿ ಭಾರಿ ರೈಡರ್‌ನನ್ನು ಅದೇ ಮೂಲೆಗೆ ಮತ್ತೆ ಮತ್ತೆ ಕಳಿಸುತ್ತಾನೆ. ಕಾಲು ಹಿಡಿದ ಮೇಲೆ ಪಕ್ಕದವರು ಬರಲು ತಡವಾದರೆ ಎಳೆದಾಟದಲ್ಲಿ ಸೋಲುವುದು ನಾನೇ. ಹಾಗಾಗಿ ನನ್ನ ಬದಿಯ ಕವರ್‌ನಲ್ಲಿ ತಂಡದ ಅತಿ ಭಾರದವನು ಇರಬೇಕು, ನಾನು ಜಿಗಿದಾಗ ಅವನು ಯೋಚಿಸದೆ ಬರಬೇಕು. ಇದನ್ನು ಇಬ್ಬರೂ ಕೂಡಿಯೇ ಅಭ್ಯಾಸ ಮಾಡಬೇಕು. ಒಬ್ಬನೇ ಗೋಡೆಗೆ ಟೈರ್ ಕಟ್ಟಿ ಹಿಡಿದರೆ ಬರುವುದಿಲ್ಲ, ನಾನು ಕಟ್ಟಿ ನೋಡಿದ್ದೇನೆ.

ಕಳೆದ ಚಳಿಗಾಲದಲ್ಲಿ, ತೊಗರಿ ರಾಶಿಯ ಹೊತ್ತಿಗೆ, ಸೇಡಂನಲ್ಲಿ ಆಡಿದೆವು. ನನಗೆ ಜಾಗ ಸಿಕ್ಕಿದ್ದೂ ಒಬ್ಬನ ಮದುವೆಯ ದೆಸೆಯಿಂದ. ಮೊದಲಾರ್ಧದಲ್ಲಿ ಎರಡು ಸಲ ಕಾಲು ಹಿಡಿದೆ, ಎರಡೂ ಸಲ ಕವರ್ ತಡ ಮಾಡಿದ, ಎರಡೂ ಸಲ ನನ್ನನ್ನು ಎಳೆದುಕೊಂಡು ಹೋದರು. ಹೊರಗಿನಿಂದ ಯಾರೋ 'ಆ ಪಾರನ್ನ ತೆಗೀರಿ' ಎಂದು ಕೂಗಿದರು. ಕೊನೆಯ ಎರಡು ನಿಮಿಷ ಇದ್ದಾಗ ಅಂಕಣದಲ್ಲಿ ನಾವು ಮೂವರು, ಹಿಂದಿದ್ದದ್ದು ಮೂರು ಪಾಯಿಂಟ್. ಎದುರಾಳಿಯದ್ದು ಡೂ ಆರ್ ಡೈ ರೈಡ್, ಮುಟ್ಟದೆ ಹೋದರೆ ರೈಡರ್ ಔಟ್. ಇಂಥ ರೈಡ್ ಚಿಕ್ಕವನಿಗೆ ವರ. ರೈಡರ್ ಒಳಗೆ ಬಂದೇ ಬರಬೇಕು. ಬಂದ. ಇಪ್ಪತ್ತು ಸೆಕೆಂಡು ಸುಮ್ಮನಿದ್ದೆ. ಅವನು ಕವರ್‌ನತ್ತ ಕೈ ಬೀಸಿದಾಗ ಹಿಂದಿನ ಕಾಲು ನನ್ನ ಕಡೆ ಉಳಿಯಿತು. ಹಿಡಿದೆ. ಕಣ್ಣು ಮುಚ್ಚಿದ್ದೆ, ಬೆನ್ನ ಮೇಲೆ ಧಡ್ ಎಂದು ಬಿದ್ದ ಭಾರ ನಮ್ಮ ಕವರ್‌ನದು ಎಂದು ಉಸಿರಿನಿಂದಲೇ ಗೊತ್ತಾಯಿತು. ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಪಂದ್ಯ ಒಂದು ಪಾಯಿಂಟ್‌ನಿಂದ ಸೋತೆವು. ಬಸ್ಸಿನಲ್ಲಿ ಬರುವಾಗ ಕವರ್ ಬಂದು ನನ್ನ ಪಕ್ಕ ಕೂತು, 'ಮೊದಲ್ನೇ ಎರಡು ನನ್ನ ತಪ್ಪಲೇ' ಎಂದ.

ಈಗ ಚಿಂಚೋಳಿಯ ಒಬ್ಬ ಜೂನಿಯರ್ ಬಂದಿದ್ದಾನೆ, 54 ಕೆ.ಜಿ. ಮೊದಲ ದಿನವೇ ನನ್ನನ್ನು ಕೇಳಿದ್ದು, 'ಅಣ್ಣ, ಯಾವ ಪುಡಿ ತಗೋಬೇಕು?' ಮುಂದಿನ ವಾರ ಕಾಲೇಜು ತಂಡದ ಆಯ್ಕೆ ಇದೆ. ಇಬ್ಬರು ಚಿಕ್ಕವರನ್ನು ಎರಡೂ ಮೂಲೆಗೆ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ಆದರೂ ದಿನಾ ಸಂಜೆ ಐದಕ್ಕೆ ನಮ್ಮ ಕವರ್‌ನನ್ನು ಎಳೆದುಕೊಂಡು ಮೈದಾನಕ್ಕೆ ಹೋಗುತ್ತಿದ್ದೇವೆ. ನಾನು ರೈಡ್ ಮಾಡುತ್ತೇನೆ, ಅವನು ಕಾಲು ಹಿಡಿಯುತ್ತಾನೆ. ನಿನ್ನೆ ತಲೆಯನ್ನು ಸರಿಯಾಗಿ ಹೊರಬದಿಗೆ ಇಟ್ಟಿದ್ದ.