ಆಟ ನಿಂತಾಗ ಉತ್ತರ ಕೊಡೋರು ಯಾರು? ಬಿಜಿಎಂಐ, ಫ್ರೀ ಫೈರ್ ಮತ್ತು ಗೇಟೇ ಇಲ್ಲದ ಕಂಪನಿಗಳು

2022ರ ಜುಲೈ 28ರಂದು ಗೂಗಲ್ ಪ್ಲೇ ಸ್ಟೋರ್ ಮತ್ತು ಆಪಲ್ ಆಪ್ ಸ್ಟೋರ್‌ನಿಂದ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ದಿಢೀರ್ ಮಾಯವಾಯಿತು. ನಮ್ಮಲ್ಲಿ 10 ಕೋಟಿ ನೋಂದಾಯಿತ ಬಳಕೆದಾರರಿದ್ದಾರೆ ಅಂತ ಕಂಪನಿ ಸಂಭ್ರಮಿಸಿದ್ದೂ ಅದೇ ತಿಂಗಳು. ಆದೇಶ ಬಂದಿದೆ, ಅದರಂತೆ ತೆಗೆದಿದ್ದೇವೆ, ಡೆವಲಪರ್‌ಗೆ ತಿಳಿಸಿದ್ದೇವೆ ಅಂತ ಗೂಗಲ್ ಹೇಳಿತು. ಆಟದ ಮಾಲೀಕ, ದಕ್ಷಿಣ ಕೊರಿಯಾದ ಕ್ರಾಫ್ಟನ್, ಏನಾಗಿದೆ ಅಂತ ವಿಚಾರಿಸುತ್ತಿದ್ದೇವೆ ಅಂದಿತು. ಸರ್ಕಾರ ಆದೇಶದ ಪ್ರತಿಯನ್ನು ಜನರ ಮುಂದಿಡಲಿಲ್ಲ.

ದಾವಣಗೆರೆಯ ಹಾಸ್ಟೆಲು, ಪಿಜಿಗಳಲ್ಲಿ ಇಬ್ಬರು, ಹರಿಹರದಲ್ಲಿ ಇನ್ನಿಬ್ಬರು ಸೇರಿ ಒಂದು ಸ್ಕ್ವಾಡ್ ಕಟ್ಟಿಕೊಂಡು ರಾತ್ರಿ ಆಡೋ ಹುಡುಗರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಆಗ ಅವರ ಬಾಯಲ್ಲಿ ನಾನು ಕೇಳಿದ್ದು ಒಂದೇ ಮಾತು: "ಇದನ್ನ ಯಾರನ್ನ ಕೇಳ್ಬೇಕಣ್ಣ?"

ಆಟದ ವಿಷಯ ತಾನೇ ಅಂತ ಈ ಪ್ರಶ್ನೆಯನ್ನ ಪಕ್ಕಕ್ಕೆ ಸರಿಸಬೇಡಿ. ಸಮಯ, ದುಡ್ಡು, ಡೇಟಾ ಮೂರನ್ನೂ ಕೊಟ್ಟ ಕೋಟ್ಯಂತರ ಜನರಿಗೆ ಉತ್ತರ ಕೊಡುವ ಹೊಣೆ ಯಾರದು ಅನ್ನೋದು ರಾಜಕೀಯದ ಪ್ರಶ್ನೆಯೇ.

ಮೌನಕ್ಕೆ ಕಾನೂನಿನ ಬಲ

ಭಾರತದಲ್ಲಿ ಆ್ಯಪ್‌ಗಳನ್ನು ನಿರ್ಬಂಧಿಸಲು ಸರ್ಕಾರ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್. ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗೆ ಇದನ್ನು ಬಳಸಬಹುದು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳು ನಿಷೇಧವಾದದ್ದು ಇದರಡಿ. 2022ರ ಫೆಬ್ರವರಿಯಲ್ಲಿ 54 ಆ್ಯಪ್‌ಗಳ ಪಟ್ಟಿಯಲ್ಲಿ ಗರೀನಾದ ಫ್ರೀ ಫೈರ್ ಹೋಯಿತು.

ಈ ಸೆಕ್ಷನ್‌ಗಾಗಿ 2009ರಲ್ಲಿ ಮಾಡಿದ ನಿಯಮಗಳಿವೆ. ಅದರ 16ನೇ ನಿಯಮ ನಿರ್ಬಂಧದ ಕೋರಿಕೆ, ದೂರು, ಕ್ರಮ ಎಲ್ಲವನ್ನೂ ಕಟ್ಟುನಿಟ್ಟಾಗಿ ಗೌಪ್ಯವಾಗಿಡಬೇಕು ಅನ್ನುತ್ತದೆ. ಅಂದರೆ ಕಾರಣ ಗೊತ್ತಿದ್ದರೂ ಹೇಳದಿರುವುದಕ್ಕೆ ಕಾನೂನೇ ನೆಪ ಒದಗಿಸುತ್ತದೆ. ಇಂಥ ಆದೇಶಗಳನ್ನು ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರ ಪೀಠ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಟ್ವಿಟರ್‌ನಂಥ ಕಂಪನಿಗೇ ಈ ಗತಿಯಾದರೆ ಬೇರೆ ಕಂಪನಿಗಳು ಬಾಯಿ ಬಿಡೋಕೆ ಹಿಂದೆಮುಂದೆ ನೋಡೋದು ಸಹಜ.

2023ರ ಮೇ ತಿಂಗಳಲ್ಲಿ ಬಿಜಿಎಂಐ ಮರಳಿತು. ಸರ್ವರ್ ಇರುವ ಜಾಗ ಮತ್ತು ಡೇಟಾ ಸುರಕ್ಷತೆಯ ಸಮಸ್ಯೆ ಸರಿಪಡಿಸಿದ್ದಾರೆ, ಮೂರು ತಿಂಗಳ ಪ್ರಾಯೋಗಿಕ ಅನುಮತಿ ಕೊಟ್ಟಿದ್ದೇವೆ ಅಂತ ಆಗಿನ ಕೇಂದ್ರ ಸಚಿವ ರಾಜೀವ್ ಚಂದ್ರಶೇಖರ್ ಟ್ವೀಟ್ ಮಾಡಿದರು. ಅವರು ಆಗ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿದ್ದವರು. ತಮ್ಮ ಫೋನಿನ ಡೇಟಾದ ಬಗ್ಗೆ ಆತಂಕವಿತ್ತು ಅನ್ನೋದನ್ನ ಆಟಗಾರರು ಅಧಿಕೃತವಾಗಿ ಕೇಳಿದ್ದು ಹತ್ತು ತಿಂಗಳ ನಂತರ! ಅಪಾಯ ನಿಜವಾಗಿದ್ದರೆ ಮೊದಲ ದಿನವೇ ಹೇಳಬೇಕಿತ್ತಲ್ಲವೇ?

ಕಂಪನಿ ತಾನೇ ಆರಿಸಿಕೊಂಡ ಮೌನ

ಎಲ್ಲದಕ್ಕೂ ಸರ್ಕಾರವನ್ನೇ ದೂರಿದರೆ ಕಂಪನಿಗಳು ಸಲೀಸಾಗಿ ತಪ್ಪಿಸಿಕೊಳ್ಳುತ್ತವೆ. 'ಫ್ರೀ ಫೈರ್ ಇಂಡಿಯಾ' 2023ರ ಸೆಪ್ಟೆಂಬರ್ 5ಕ್ಕೆ ಬರುತ್ತದೆ ಅಂತ ಗರೀನಾ ಘೋಷಿಸಿತು. ಎಂ.ಎಸ್. ಧೋನಿ ರಾಯಭಾರಿ. ಹಿಂದಿನ ದಿನ ಕೆಲವು ವಾರ ಮುಂದೂಡಿದ್ದೇವೆ ಅಂದಿತು. ಆ ಕೆಲವು ವಾರ ವರ್ಷ ದಾಟಿತು. ಪ್ರಚಾರಕ್ಕೆ ಧೋನಿ ಸಿಕ್ಕರು, ತಡವಾದದ್ದಕ್ಕೆ ಕಾರಣ ಹೇಳೋಕೆ ಯಾರೂ ಸಿಗಲಿಲ್ಲ.

ಇನ್ನೊಂದು, ಒಪ್ಪಂದದ ವಿಷಯ. ಆಟದೊಳಗೆ ನಾವು ದುಡ್ಡು ಕೊಟ್ಟು ತಗೊಳ್ಳೋ ಗನ್ ಸ್ಕಿನ್, ಬಟ್ಟೆ ಯಾವುದೂ ನಮ್ಮದಲ್ಲ. ಓದದೆ ಒತ್ತಿದ 'ಐ ಅಗ್ರೀ' ಪ್ರಕಾರ ನಮಗೆ ಸಿಕ್ಕಿದ್ದು ಬಳಸುವ ಪರವಾನಗಿ ಮಾತ್ರ. ಪಬ್‌ಜಿ ಆಟಗಾರರು ತಮ್ಮ ವಸ್ತುಗಳನ್ನು ಬಿಜಿಎಂಐಗೆ ತರಲು ಸಾಧ್ಯವಾದದ್ದು ಕ್ರಾಫ್ಟನ್ ಅವಕಾಶ ಕೊಟ್ಟಿದ್ದರಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈಗ ಬೇರೆ ಕಾನೂನಿದೆ. ಸಿಗುವುದು ಪರವಾನಗಿ ಮಾತ್ರ ಅನ್ನೋದನ್ನ ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕನ್ನು 'ಖರೀದಿಸಿ' ಅಂತ ಮಾರುವ ಹಾಗಿಲ್ಲ. 2025ರ ಜನವರಿಯಿಂದ ಅದು ಜಾರಿಯಲ್ಲಿದೆ.

ಬಾಯಿ ಬಿಡಿಸಿದ ಆಟಗಾರರು

ಒತ್ತಡ ಬಿದ್ದಾಗ ಕಂಪನಿಗಳು ಮಾತಾಡಿದ ಉದಾಹರಣೆಗಳಿವೆ. ಸೈಬರ್‌ಪಂಕ್ 2077 ಆಟ 2020ರ ಡಿಸೆಂಬರ್‌ನಲ್ಲಿ ದೋಷಗಳ ಮೂಟೆಯಾಗಿ ಬಂತು. ಸೋನಿ ಅದನ್ನು ತನ್ನ ಸ್ಟೋರ್‌ನಿಂದಲೇ ತೆಗೆದು ಹಣ ವಾಪಸ್ ಕೊಡಲು ಮುಂದಾಯಿತು. ಮುಂದಿನ ತಿಂಗಳು ಪೋಲೆಂಡ್‌ನ ಆ ಕಂಪನಿಯ ಸಹಸಂಸ್ಥಾಪಕರೇ ವಿಡಿಯೊದಲ್ಲಿ ಬಂದು ಕ್ಷಮೆ ಕೇಳಿ, ಯಾವಾಗ ಏನು ಸರಿಪಡಿಸುತ್ತೇವೆ ಅನ್ನೋ ಪಟ್ಟಿ ಕೊಟ್ಟರು. 2024ರ ಮೇನಲ್ಲಿ ಹೆಲ್‌ಡೈವರ್ಸ್ 2 ಆಡಲು ಪ್ಲೇಸ್ಟೇಷನ್ ಖಾತೆ ಕಡ್ಡಾಯ ಅಂತ ಸೋನಿ ಹೇಳಿತು. ಎರಡು ಲಕ್ಷಕ್ಕೂ ಹೆಚ್ಚು ಆಟಗಾರರು ಕೆಟ್ಟ ರೇಟಿಂಗ್ ಕೊಟ್ಟರು. ಮೂರೇ ದಿನದಲ್ಲಿ ಆದೇಶ ವಾಪಸ್. ಯುಬಿಸಾಫ್ಟ್ 'ದಿ ಕ್ರೂ' ಆಟದ ಸರ್ವರ್ ಮುಚ್ಚಿದ ಮೇಲೆ ಹುಟ್ಟಿದ ಚಳವಳಿ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿತು.

ಈ ಮೂರರಲ್ಲೂ ಬೇಡಿಕೆ ಸ್ಪಷ್ಟವಾಗಿತ್ತು: ಹಣ ವಾಪಸ್ ಕೊಡಿ, ಷರತ್ತು ತೆಗೆಯಿರಿ, ಮಾರಿದ ಆಟವನ್ನು ಕೊಲ್ಲಬೇಡಿ.

ಬೈಗುಳಕ್ಕೆ ಈ ಶಕ್ತಿ ಇಲ್ಲ. ಬಂಗೀ ಕಂಪನಿಯ ಕಮ್ಯುನಿಟಿ ಮ್ಯಾನೇಜರ್ ಒಬ್ಬರಿಗೆ ಆಟಗಾರನೊಬ್ಬ ಕಿರುಕುಳ ಕೊಟ್ಟ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಲಯ 2023ರಲ್ಲಿ ಸುಮಾರು 4 ಲಕ್ಷ 89 ಸಾವಿರ ಡಾಲರ್ ಪರಿಹಾರಕ್ಕೆ ಆದೇಶಿಸಿತು. ಇಂಥ ಬೆದರಿಕೆಗಳಿಂದಾಗಿಯೇ ಆಟಗಾರರ ಜೊತೆಗಿನ ಮಾತುಕತೆ ಕಡಿಮೆ ಮಾಡಿದ್ದೇವೆ ಅಂತಲೂ ಬಂಗೀ ಹೇಳಿತ್ತು. ಕಾಮೆಂಟಿನಲ್ಲಿ ಅಮ್ಮ-ಅಕ್ಕನ ಬೈಗುಳ ತಿನ್ನೋದು ಸಂಬಳಕ್ಕೆ ದುಡಿಯೋ ನೌಕರ. ತೀರ್ಮಾನ ಮಾಡಿದವರಿಗೆ ಅದು ತಲುಪೋದೇ ಇಲ್ಲ.

ಗೇಟು ಇದ್ದ ಕಾಲ

ದಾವಣಗೆರೆ ಕಾಟನ್ ಮಿಲ್ಲುಗಳ ಊರು. ಕಾರ್ಮಿಕ ನಾಯಕ ಪಂಪಾಪತಿ ಕಮ್ಯುನಿಸ್ಟ್ ಪಕ್ಷದಿಂದ ಶಾಸಕರಾದ ಊರು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸುತ್ತಿತ್ತು. ಮಿಲ್ಲುಗಳು ಮುಚ್ಚಿದವು, ಕಿರ್ಲೋಸ್ಕರ್ ಕೂಡ ಮುಚ್ಚಿತು. ಅನ್ನ ಕಳೆದುಕೊಂಡ ಕಾರ್ಮಿಕನನ್ನೂ ಆಟ ಕಳೆದುಕೊಂಡ ಹುಡುಗನನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಅಲ್ಲಿ ಹೋಗಿ ನಿಲ್ಲೋಕೆ ಒಂದು ಗೇಟಿತ್ತು, ನೋಟಿಸ್ ಬೋರ್ಡಿತ್ತು, ಯೂನಿಯನ್ ಇತ್ತು, ಕಾರ್ಮಿಕ ಇಲಾಖೆಯ ಕಚೇರಿ ಇತ್ತು. ಸೋತರೂ ಯಾರ ಎದುರು ಸೋತೆವು ಅನ್ನೋದು ಗೊತ್ತಿತ್ತು. ಸೋಲ್‌ನಲ್ಲೋ ಸಿಂಗಪುರದಲ್ಲೋ ಇರುವ ಕಂಪನಿಗೆ ನಮ್ಮೂರಿನಲ್ಲಿ ಗೇಟಿಲ್ಲ.

ನಮ್ಮ ಕೈಯಲ್ಲಿರೋದು

ಆದರೂ ಕೆಲವು ಬಾಗಿಲುಗಳಿವೆ. 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳು ಡಿಜಿಟಲ್ ಉತ್ಪನ್ನಗಳನ್ನೂ ಒಳಗೊಳ್ಳುತ್ತವೆ. ಭಾರತದ ಗ್ರಾಹಕರಿಗೆ ಮಾರುವ ವಿದೇಶಿ ಕಂಪನಿಗೂ ಅವು ಅನ್ವಯ. ಅದರಂತೆ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ಸ್ವೀಕರಿಸಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಉತ್ತರ ಬರದಿದ್ದರೆ 1915 ಸಹಾಯವಾಣಿಗೆ ಕನ್ನಡದಲ್ಲೇ ಮಾತಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹರಿಹರದವರು ಸಿಯೋಲ್‌ಗೂ ಹೋಗಬೇಕಿಲ್ಲ, ಬೆಂಗಳೂರಿಗೂ ಹೋಗಬೇಕಿಲ್ಲ, ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗ ಸಾಕು. 5 ಲಕ್ಷ ರೂಪಾಯಿ ತನಕ ಶುಲ್ಕವಿಲ್ಲ, ಗಡುವು ಎರಡು ವರ್ಷ. ಅದಕ್ಕೇ ದುಡ್ಡು ಹಾಕಿದ ಪ್ರತಿ ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಒಬ್ಬೊಬ್ಬರೇ ಕೊಡುವ ದೂರಿನಿಂದ ವ್ಯವಸ್ಥೆ ಬದಲಾಗದು. ಗ್ರಾಹಕ ಆಯೋಗ 69ಎ ಆದೇಶದ ಒಳಗುಟ್ಟನ್ನೂ ಹೊರತೆಗೆಯದು. ನಾವು ಒಟ್ಟಾಗಿ ಕೇಳಬೇಕಾದದ್ದು ಮೂರು. ಆ್ಯಪ್ ನಿರ್ಬಂಧಿಸಿದ ದಿನವೇ ಕಾರಣದ ಸಾರಾಂಶ ಪ್ರಕಟವಾಗಬೇಕು. ಆಟ ನಿಂತರೆ ಬಳಸದ ಹಣ ವಾಪಸ್ ಬರಬೇಕು. ಜಾಹೀರಾತು ಯಾವ ಭಾಷೆಯಲ್ಲಿ ಬರುತ್ತದೋ, ಕೆಟ್ಟ ಸುದ್ದಿಯೂ ಆ ಭಾಷೆಯಲ್ಲಿ ಬರಬೇಕು, ಕನ್ನಡದಲ್ಲೂ.

ಸರ್ಕಾರ ನಮ್ಮನ್ನು ಚಟ ಹತ್ತಿದ ಮಕ್ಕಳು ಅಂತ ನೋಡುತ್ತದೆ, ಕಂಪನಿ 10 ಕೋಟಿಯಲ್ಲಿ ಒಂದು ಸಂಖ್ಯೆ ಅಂತ ನೋಡುತ್ತದೆ. ಇಬ್ಬರೂ ಕೂತು ನಮ್ಮ ಬಗ್ಗೆ ಮಾತಾಡಿಕೊಂಡದ್ದು ಸಾಕು. ಇನ್ನು ನಮ್ಮ ಜೊತೆ ಮಾತಾಡಲಿ.