ನಿಮಗಿದು ಗೊತ್ತೆ? ಸೇಬಿನ ಟಾರ್ಟಿಗೆ ತಕ್ಕ ಪಾತ್ರೆ

ಫ್ರಾನ್ಸ್ ದೇಶದ ಸೋಲೋನ್ ಪ್ರಾಂತದ ಲಾಮೋತ್-ಬ್ಯೂವ್ರೋಂ ಎಂಬ ಸಣ್ಣ ಊರಿನಲ್ಲಿ 19ನೆಯ ಶತಮಾನದ ಅಂತ್ಯಭಾಗದಲ್ಲಿ ಹೋಟೆಲು ನಡೆಸುತ್ತಿದ್ದ ಸ್ಟೆಫಾನಿ ಮತ್ತು ಕ್ಯಾರೊಲಿನ್ ಎಂಬ ತಾತಾಂ ಸೋದರಿಯರ ಹೆಸರನ್ನು ಹೊತ್ತ ‘ತಾರ್ತ್ ತಾತಾಂ’ ಎಂಬ ಸೇಬಿನ ಭಕ್ಷ್ಯವು, ಬೆಣ್ಣೆಸಕ್ಕರೆಗಳ ಪಾಕದಲ್ಲಿ ಹಣ್ಣಿನ ಹೋಳುಗಳಿಗೆ ಮೊದಲು ಒಲೆಯ ಮೇಲೆ ಕಂದುಬಣ್ಣ ಬರಿಸಿ, ಅನಂತರ ಅವುಗಳ ಮೇಲೆ ಕಣಕದ ಹಾಳೆಯನ್ನು ಹೊದಿಸಿ, ಓವನ್ನಿನಲ್ಲಿ ಬೇಯಿಸಿ, ಕೊನೆಗೆ ತಟ್ಟೆಗೆ ಬೋರಲು ಹಾಕತಕ್ಕದ್ದಾದುದರಿಂದ, ಅದರ ಪಾತ್ರೆಯು ಒಲೆಯ ಉರಿಯನ್ನೂ ಓವನ್ನಿನ ಕಾವನ್ನೂ ಸಮಾನವಾಗಿ ಸಹಿಸಬಲ್ಲದ್ದಾಗಿರಬೇಕು.

ಆ ನಾಡಿನ ಪಾಕಪ್ರವೀಣರು ಇದಕ್ಕಾಗಿ ಒಳಗೆ ತವರದ ಕಲಾಯಿ ಹಾಕಿದ ತಾಮ್ರದ ಪಾತ್ರೆಯನ್ನು ಪರಂಪರೆಯಿಂದ ಆದರಿಸುತ್ತ ಬಂದಿರುವುದು ಕೇವಲ ಅಂದಕ್ಕಾಗಿಯಲ್ಲ. ಸ್ಟೇನ್‌ಲೆಸ್ ಉಕ್ಕಿಗಿಂತ ತಾಮ್ರವು 20 ಪಟ್ಟಿಗೂ ಮಿಗಿಲಾದ ಉಷ್ಣವಾಹಕವಾದುದರಿಂದ, ಪಾಕವು ಒಂದೆಡೆ ಕರಿಕಾಗಿ ಮತ್ತೊಂದೆಡೆ ಬಿಳಿಚಿಕೊಂಡೇ ಉಳಿಯುವ ಅನರ್ಥವು ತಪ್ಪುತ್ತದೆ. ಆದರೆ ತವರವು 232 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗತಕ್ಕ ಲೋಹ. ಬರಿಯ ಪಾತ್ರೆಯನ್ನು ಉರಿಯ ಮೇಲೆ ಮರೆತರೆ ಕಲಾಯಿ ಇಳಿದುಹೋದೀತು.

ತಾಮ್ರ ದೊರೆಯದವರಿಗೆ ಚೆನ್ನಾಗಿ ಪಳಗಿದ, ದಪ್ಪ ತಳದ ಬೀಡು ಕಬ್ಬಿಣದ ಬಾಣಲೆಯೇ ಉತ್ತಮವೆಂದು ನನ್ನ ದೃಢವಾದ ಅಭಿಪ್ರಾಯ. ಸೇಬಿನ ಆಮ್ಲವು ಕಬ್ಬಿಣದೊಡನೆ ಬೆರೆತು ರುಚಿಗೆಡಿಸದಂತೆ, ಬೆಂದ ಭಕ್ಷ್ಯವನ್ನು ಬಹಳ ಹೊತ್ತು ಅದರಲ್ಲಿಯೇ ಬಿಡಲಾಗದು, ಅಷ್ಟೆ. ಗಾಜಿನ ತಟ್ಟೆ ನೇರ ಉರಿಗೆ ಸಿಡಿದೀತು. ತಳ ಬಿಚ್ಚುವ ತಗಡಿನ ಅಚ್ಚಿನ ಸಂದಿನಿಂದಲೋ ಪಾಕವೆಲ್ಲ ಸೋರಿಹೋಗುವುದು. ಕಣಕವನ್ನು ಅಡಿಯಲ್ಲಿ ಹಾಸಿ ಮಾಡುವ ಸಾಮಾನ್ಯ ಟಾರ್ಟನ್ನು ಅಂಚು ಮುರಿಯದಂತೆ ಹೊರತೆಗೆಯುವುದಕ್ಕೆ ಮಾತ್ರ ಅದಕ್ಕಿಂತ ಅನುಕೂಲವಾದ ಸಾಧನವಿಲ್ಲ.